ಹಾಲಮ್ಮ ಕೆರೆಯುತ್ತಿದ್ದ ಗೋಡೆ

ನಾನು ಒಂದು ಆಸ್ಬೆಸ್ಟಾಸ್ ಶೀಟು. ಕಲ್ಲಿನಿಂದ ತೆಗೆದ ನವಿರಾದ ನಾರನ್ನು ಸಿಮೆಂಟು ಮತ್ತು ನೀರಿನ ಜೊತೆ ಕಲಸಿ, ಒತ್ತಿ, ಒಣಗಿಸಿ ನನ್ನನ್ನು ಮಾಡಿದರು. ಬೆಂಕಿ ತಗುಲುವುದಿಲ್ಲ, ಗೆದ್ದಲು ಹತ್ತುವುದಿಲ್ಲ ಎಂದು ಕಾರ್ಖಾನೆಯಲ್ಲಿ ಎಲ್ಲರೂ ಹೊಗಳಿದಾಗ ಉಬ್ಬಿಹೋಗಿದ್ದೆ. ಹೊಗಳಿಕೆ ಯಾರಿಗೆ ಬೇಡ?

ಮೊದಲು ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಅಡ್ಡಗೋಡೆಯಾಗಿದ್ದೆ. ಗಿರಣಿ ಮುಚ್ಚಿದ ಮೇಲೆ ಅಲ್ಲಿನ ಕಾರ್ಮಿಕ ಕೊಟ್ರಪ್ಪ ನನ್ನನ್ನು ಕೈಗಾಡಿಯ ಮೇಲೆ ಮನೆಗೆ ತಂದ. ಗರಗಸದಿಂದ ಅಂಚು ಕೊಯ್ದು, ಒಳಗಿನ ಕೋಣೆಗೂ ಬಚ್ಚಲಿಗೂ ನಡುವೆ ನಿಲ್ಲಿಸಿದ. ಮೀಸೆಯೆಲ್ಲ ಬಿಳಿ ಧೂಳು.

"ನೋಡೇ, ಇವತ್ತಿಂದ ನಮ್ದೂ ಎರಡು ಕೋಣಿ ಮನಿ!" ಎಂದ. ಹೆಂಡತಿ ಹಾಲಮ್ಮ ನಗುತ್ತಾ ಸೆರಗಿನಿಂದ ಅವನ ಮೀಸೆ ಒರೆಸಿದಳು.

ಹಂಡೆಯ ಹಬೆ ಕುಡಿದು ಕುಡಿದು ನನ್ನ ಮೈಮೇಲೆ ಕಪ್ಪು ಬೂಷ್ಟು ಹಬ್ಬಿತು. ಹಾಲಮ್ಮನೋ ಕೊಳೆ ಕಂಡರೆ ಊಟ ಬಿಡುವ ಹೆಂಗಸು. ದೀಪಾವಳಿಗೆ ಮುಂಚೆ ಗೋಡೆ ಕೆರೆದು ಸುಣ್ಣ ಬಳಿಯದಿದ್ದರೆ ಅವಳಿಗೆ ಅದು ಹಬ್ಬವೇ ಅಲ್ಲ. ಹಸಿ ಗೋಡೆ ಚೆನ್ನಾಗಿ ಕೆರೆಯಲು ಬಾರದೆಂದು ಬಚ್ಚಲ ಒಲೆ ಆರಿಸಿ ನನ್ನನ್ನು ಒಣಗಲು ಬಿಡುತ್ತಿದ್ದಳು. ಆಮೇಲೆ ಸ್ಟೂಲು ಹತ್ತಿ ತಗಡಿನ ತುಂಡಿನಿಂದ ಕೆರೆಯುವಳು. ಸ್ಟೂಲು ಅಲುಗದಂತೆ ಕೆಳಗೆ ಕೊಟ್ರಪ್ಪ ಹಿಡಿದು ನಿಲ್ಲುವನು. ಉದುರಿದ್ದೆಲ್ಲ ಅವನ ತಲೆಯ ಮೇಲೆ. ವರ್ಷಕ್ಕೊಮ್ಮೆ ನಡೆಯುವ ಈ ಸರಸ ನನಗೂ ಇಷ್ಟವಾಗಿತ್ತು.

ಹೀಗೆ ಎಷ್ಟೋ ದೀಪಾವಳಿ ಕಳೆದ ಮೇಲೆ ಕೊಟ್ರಪ್ಪನಿಗೆ ಕೆಮ್ಮು ಹತ್ತಿತು. ನಡೆದರೆ ಏದುಸಿರು. ಕೊನೆಗೆ ನನ್ನ ಪಕ್ಕದಲ್ಲೇ ಮಲಗಿ, ಎದ್ದು ಕೂರಲಾರದೆ ತೀರಿಕೊಂಡ. ಎಲ್ಲರೂ ಅವನು ಸೇದುತ್ತಿದ್ದ ಬೀಡಿಯನ್ನು ಬೈದರು. ನಾನೂ ಬೈದೆ.

ಈ ವರ್ಷ ಮಗಳು ಪಂಕಜ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. "ಬಾಣಂತಿ ಕೋಣ್ಯಾಗ ಬೂಷ್ಟು ಇದ್ರೆ ಕೂಸಿಗೆ ಉಬ್ಬಸ ಬರ್ತೈತಿ" ಎಂದು ಹಾಲಮ್ಮ ತಗಡು ಹಿಡಿದು ಸ್ಟೂಲು ಹತ್ತಿದಳು. ಅವಳ ಮಾತು ಸುಳ್ಳೇನೂ ಅಲ್ಲ. ಎರಡು ಸಲ ಕೆರೆದಿದ್ದಳಷ್ಟೆ, ಬಾಗಿಲಲ್ಲಿ ಪಂಕಜ ಮೂಗಿಗೆ ಸೆರಗು ಒತ್ತಿಕೊಂಡು ಕೂಗಿದಳು.

"ಅವ್ವಾ, ಕೆರೀಬ್ಯಾಡ! ಇಳಿ ಕೆಳಗೆ! ಇದು ಆಸ್ಬೆಸ್ಟಾಸ್ ಶೀಟು ಇದ್ದಂಗೈತಿ. ನಾ ಕಲಿಸೋ ಶಾಲಿ ಸೂರಿಂದ ಇಂಥವನ್ನ ಬಿಚ್ಚೋವಾಗ ಮಕ್ಕಳಿಗೆ ರಜಾ ಕೊಟ್ಟಿದ್ರು. ಇದರ ಧೂಳು ಎದಿಗೆ ಇಳಿದ್ರೆ ಹೊರಗೆ ಬರಂಗಿಲ್ಲ."

ಧೂಳು ಎಂದರೆ ನಾನೇ. ನನ್ನ ನಾರೇ. ನಾಚಿಕೆಯಿಂದ ಕುಸಿದು ಬೀಳಬೇಕೆನಿಸಿತು. ಬಿದ್ದರೆ ಒಡೆಯುತ್ತೇನೆ, ಒಡೆದರೆ ಇನ್ನಷ್ಟು ಧೂಳು. ಅದಕ್ಕೇ ಉಸಿರು ಬಿಗಿಹಿಡಿದು ನಿಂತೆ.

ಹಾಲಮ್ಮ ಇಳಿದಳು. ತಗಡು ಕೆಳಗಿಟ್ಟು ತನ್ನ ಕೈ ನೋಡಿಕೊಂಡಳು.

"ಹಂಗಾದ್ರೆ, ನಿಮ್ಮಪ್ಪನ ತಲಿ ಮ್ಯಾಲೆ ಇದನ್ನ ಉದುರಿಸಿದಾಕಿ ನಾನೇ ಅಲ್ಲೇನೇ?"

"ಬೀಡಿನೂ ಇತ್ತಲ್ಲವ್ವ" ಎಂದಳು ಪಂಕಜ. ನಿಜವೇನೆಂದು ನನಗೂ ತಿಳಿಯದು. ತಿಳಿದಿದ್ದರೆ ಶಿಕ್ಷೆಯನ್ನಾದರೂ ಒಪ್ಪಿಕೊಳ್ಳಬಹುದಿತ್ತು.

ಪಂಕಜಳನ್ನು ಚಿಕ್ಕಮ್ಮನ ಮನೆಗೆ ಕಳಿಸಿ, ಬಲ್ಲವರನ್ನು ಕರೆಸಿದರು. ಅವರು ಮುಖಕ್ಕೆ ಮಾಸ್ಕ್ ಕಟ್ಟಿ, ನೀರು ಚಿಮುಕಿಸಿ, ಬಿರುಕೂ ಬಿಡದಂತೆ ನನ್ನನ್ನು ಬಿಚ್ಚಿದರು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಹಿತ್ತಲಿನಲ್ಲಿಟ್ಟರು. ನನ್ನ ಜಾಗದಲ್ಲಿ ಇಟ್ಟಿಗೆ ಗೋಡೆ ಎದ್ದಿತು. ಕೊಂಡೊಯ್ಯುವ ಗಾಡಿಗಾಗಿ ಕಾಯುತ್ತಾ ಬಿದ್ದಿದ್ದೇನೆ. ಈಗ ಏನೂ ಕಾಣುವುದಿಲ್ಲ, ಕೇಳಿಸುತ್ತದೆ ಅಷ್ಟೆ.

ಇವತ್ತು ಬಾಣಂತಿ ಕೂಸಿನೊಡನೆ ಮನೆಗೆ ಬಂದಳು. ಅಳು ಗಟ್ಟಿಯಾಗಿದೆ, ಒಳ್ಳೆಯ ಎದೆ.

"ತಗೋ ಅವ್ವ, ಮೊಮ್ಮಗಳನ್ನ ಎತ್ಕೋ."

"ತಡಿಯವ್ವ, ಕೈ ತೊಳಕೊಂಡು ಬರ್ತೀನಿ."

ಹಿತ್ತಲ ನಲ್ಲಿಯ ಸದ್ದಾಯಿತು, ನಿಂತಿತು. ಬಾಗಿಲ ತನಕ ಹೋದ ಹೆಜ್ಜೆಗಳು ತಿರುಗಿ ಬಂದವು. ಮತ್ತೆ ನಲ್ಲಿ.

"ಎಷ್ಟು ಸಲ ತೊಳೀತೀಯವ್ವ? ಕೈಯಾಗ ಏನೂ ಇಲ್ಲ, ಬಾ!"

ಹೌದು ಹಾಲಮ್ಮ, ಏನೂ ಇಲ್ಲ, ಇರುವುದೆಲ್ಲ ನನ್ನಲ್ಲಿದೆ ಎಂದು ಕೂಗಿ ಹೇಳಲು ನನಗೆ ಬಾಯಿಲ್ಲ. ಒಳಗೆ ಕೂಸು ಅಳುತ್ತಿದೆ. ಅವಳು ಇನ್ನೂ ಕೈ ಉಜ್ಜುತ್ತಿದ್ದಾಳೆ.