ಬ್ಲೇಡಿಗಂಟಿದ ಅರಿಶಿನ

ಶಿರಾ ಪೇಟೆಯಲ್ಲಿ ಇಸಾಕ್ ಸಾಹೇಬರ ಅಂಗಡಿ ಮುಂದೆ ಗಂಡ ನಂದೀಶ್ವರಯ್ಯ ನಿಂತಾಗ, ಜಗದಾಂಬ ಸೆರಗನ್ನು ಗಲ್ಲದ ಮೇಲಕ್ಕೆಳೆದುಕೊಂಡು ಹಿಂದೆಯೇ ಉಳಿದಳು. ಮದುವೆಯಾದಾಗಿನಿಂದ ಅವಳು ಹೀಗೇ. ಮನೆಯವರು ಅದನ್ನು ನಾಚಿಕೆಯ ಗುಣ ಎಂದುಕೊಂಡಿದ್ದರು.

ಅವಳಿಗೆ ಗಡ್ಡ ಬರುತ್ತಿತ್ತು. ಮುಟ್ಟು ತಿಂಗಳುಗಟ್ಟಲೆ ನಿಲ್ಲುತ್ತಿತ್ತು. ತವರಿಗೆ ಹೋದಾಗ ಕದ್ದು ತೋರಿಸಿಕೊಂಡಿದ್ದಕ್ಕೆ ತುಮಕೂರಿನ ಲೇಡಿ ಡಾಕ್ಟರು, "ಮೈಯೊಳಗೆ ಹಾರ್ಮೋನು ಅಂತ ರಸ ಇರುತ್ತಮ್ಮ. ಅದು ಏರುಪೇರಾದ್ರೆ ಹೀಗಾಗುತ್ತೆ. ನೀನು ಹೆಣ್ಣೇ, ಅನುಮಾನ ಬೇಡ," ಎಂದಿದ್ದರು. ಅನುಮಾನ ಹೋಗಿರಲಿಲ್ಲ. ದಿನಾ ಬಚ್ಚಲಲ್ಲಿ ಗಂಡನ ಬ್ಲೇಡಿನಿಂದ ಕೆರೆದು, ಹಸಿರುಗಟ್ಟಿದ ಗಲ್ಲಕ್ಕೆ ದಪ್ಪಗೆ ಅರಿಶಿನ ಬಳಿಯುತ್ತಿದ್ದಳು. ನೆರೆಯ ಹೆಂಗಸರು ಎಂಥ ಮುತ್ತೈದೆ ಕಳೆ ಎಂದು ಹೊಗಳುತ್ತಿದ್ದರು.

"ಏನ್ ಸಾಬ್ರೇ, ಬ್ಲೇಡ್ ಮಾರ್ತೀರೋ, ತಗಡು ಮಾರ್ತೀರೋ? ಎರಡು ದಪಕ್ಕೇ ಮೊಂಡಾಯ್ತದೆ," ಎಂದು ನಂದೀಶ್ವರಯ್ಯ ಜೇಬಿನಿಂದ ಬ್ಲೇಡಿನ ಪೊಟ್ಟಣ ತೆಗೆದು ಸಾಹೇಬರ ಮುಂದೆ ಎಸೆದ.

ಬೀಡಿ ಕೊಳ್ಳಲು ಬಂದಿದ್ದ ಚಿಕ್ಕನರಸಯ್ಯ ನಕ್ಕ. "ಅಯ್ನೋರ ಗಡ್ಡ ಜಾಲಿಮುಳ್ಳು ಇರಬೇಕು ಬುಡಿ."

"ಜಾಲಿ ಅಲ್ಲ ಕಣ್ಲಾ, ಮೋಸ. ಬಳಸಿದ್ದಕ್ಕೆ ಹೊಸ ಕಾಗದ ಸುತ್ತಿ ಕೊಡ್ತವ್ರೆ."

ಸಾಹೇಬರು ಪೊಟ್ಟಣ ಬಿಚ್ಚಿ ಬ್ಲೇಡನ್ನು ಬೆಳಕಿಗೆ ಹಿಡಿದರು. ಅಂಚಿನುದ್ದಕ್ಕೂ ಅರಿಶಿನ ಒಣಗಿ ಅಂಟಿತ್ತು. ಒಮ್ಮೆ ಜಗದಾಂಬಳ ಸೆರಗಿನ ಕಡೆ ನೋಡಿ, ತಟ್ಟನೆ ಕಾಗದ ಮಡಿಚಿದರು.

"ಮಾಲ್ ಖರಾಬ್ ಬಂದೈತೆ ಸ್ವಾಮಿ. ತಪ್ಪು ನಮ್ದೇ. ಬೇರೆ ತಗೊಂಡೋಗಿ."

"ನೋಡ್ರಪ್ಪಾ, ಬಾಯಿಬುಟ್ಟು ಒಪ್ಕಂಡ್ರು," ಎಂದು ನಂದೀಶ್ವರಯ್ಯ ಬೀದಿಗೆಲ್ಲ ಕೇಳುವಂತೆ ಸಾರಿದ. ಹೋಗುತ್ತಿದ್ದವರು ನಿಂತರು. ನೆರೆತ ಗಡ್ಡದ ಆ ಮನುಷ್ಯ ತಲೆ ತಗ್ಗಿಸಿ ಕೂತಿದ್ದರು.

ಬ್ಲೇಡು ಗಂಡನ ಜೇಬು ಸೇರಿದ್ದರಿಂದ ಜಗದಾಂಬ ಅವತ್ತು ಕೆರೆದುಕೊಂಡಿರಲಿಲ್ಲ. ಆದರೂ ಮುಂದೆ ಬಂದು ಸೆರಗು ಇಳಿಸಿದಳು.

"ಸಾಬ್ರು ಮೋಸ ಮಾಡಿಲ್ಲ. ಬ್ಲೇಡು ನಾನೂ ತಗಂತಿದ್ದೆ."

ಚಿಕ್ಕನರಸಯ್ಯನ ನಗು ಬಾಯಲ್ಲೇ ನಿಂತಿತು. ನಂದೀಶ್ವರಯ್ಯ ಹೆಂಡತಿಯ ಗಲ್ಲವನ್ನು ಹಗಲು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲು. ನೋಟ ಕಿತ್ತು ಗೋಡೆಯ ಕಡೆ ತಿರುಗಿದ. ಅತ್ತಲೇ ಮುಖ ಮಾಡಿ, "ಎರಡು ಪೊಟ್ಟಣ ಕೊಡಿ ಸಾಬ್ರೇ," ಎಂದ.

ಬಸ್ಸಿನ ಕಡೆ ಅವನು ಬಿರಬಿರನೆ ಮುಂದೆ ನಡೆದ. ಆ ಎರಡನೆಯ ಪೊಟ್ಟಣ ತನ್ನ ಮೇಲಿನ ಕರುಣೆಯೋ, ಬೇಗ ಅಲ್ಲಿಂದ ಪಾರಾಗುವ ಆತುರವೋ ಅವಳಿಗೆ ತಿಳಿಯಲಿಲ್ಲ. ಕೈ ತಾನಾಗೇ ಸೆರಗನ್ನು ಮೇಲೆ ಎಳೆಯಿತು.