ಗಸಿ ಕೂರುವ ತನಕ

ಅಣ್ಣ ಮೂವತ್ತು ವರ್ಷ ಬಿಯರ್ ಕಾರ್ಖಾನೆಯ ಸೋಸುವ ವಿಭಾಗದಲ್ಲಿ ದುಡಿದವನು. ತಮ್ಮ ದರ್ಜಿ. ದರ್ಜಿಗೆ ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹಿಡಿದು ಆರು ವರ್ಷವಾಗಿತ್ತು. ಆರು ವರ್ಷವೂ ಅಣ್ಣ ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು, "ನೆಲ ಒರೆಸಿದ ನೀರೇನೋ ಇದು?" ಎಂದು ಕೇಳಿ, ಮುಟ್ಟದೆ ಕೆಳಗಿಟ್ಟಿದ್ದ. ಅದು ಹೊಟ್ಟೆಕಿಚ್ಚಲ್ಲ, ಕಸುಬಿನ ಸೊಕ್ಕು.

ಈಗ ಅಣ್ಣನ ಗಂಟಲಲ್ಲಿ ಗಡ್ಡೆ. ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದ್ದರು. ಸೋಮವಾರ ದರ್ಜಿ ನೋಡಲು ಹೋದಾಗ ಅವನು ಚಮಚದಲ್ಲಿ ಹಾಲು ಕುಡಿಯುತ್ತಿದ್ದ. "ನಿನ್ನ ಬಿಯರ್ ಎಲ್ಲೋ? ಒಂದು ಗುಟುಕು ಕುಡೀಬೇಕು ಅನ್ನಿಸ್ತಿದೆ" ಎಂದ. ಒಮ್ಮೆಯೂ ಬಾಯಿಬಿಟ್ಟು ಕೇಳದವನು ಕೇಳಿದ್ದ. ದರ್ಜಿಯ ಕಣ್ಣು ತುಂಬಿತು.

ಹುದುಗಿ ಮುಗಿದ ಒಂದು ಡಬ್ಬ ಬಿಯರ್ ಮನೆಯಲ್ಲಿ ಇದ್ದೇ ಇತ್ತು. "ಹಾಗೇ ಒಂದು ಲೋಟ ತಗೊಂಡು ಹೋಗಿ" ಎಂದು ಹೆಂಡತಿ ಹೇಳಿದಳು. ಅವನು ಕೇಳಬೇಕಲ್ಲ!

"ಕೊನೇ ಗುಟುಕಿಗೂ ಕೆಸರು ಕುಡಿಸ್ಲಾ? ಗಸಿ ಕೂತ್ಕೊಳ್ಳಲಿ."

ಫ್ರಿಜ್ಜಿನೊಳಗಿನ ಹಾಲು, ತರಕಾರಿ ಎಲ್ಲ ಹೊರಗಿಟ್ಟು ಡಬ್ಬವನ್ನು ಕೂರಿಸಿದ. ತಣ್ಣಗಾದಷ್ಟೂ ಯೀಸ್ಟು ಗಸಿಯಾಗಿ ತಳಕ್ಕಿಳಿಯುತ್ತದೆ, ಆದರೆ ಅವಸರ ಕೂಡದು.

ಬುಧವಾರ ನೋಡಿದರೆ ಇನ್ನೂ ಮಬ್ಬು. ಗಸಿ ಬೇಗ ಇಳಿಯಲೆಂದು ಜೆಲಾಟಿನ್ ಕರಗಿಸಿ ಹಾಕಿದ.

"ನಿಮ್ಮಣ್ಣ ಅಲ್ಲಿವರೆಗೂ ಕಾಯ್ತಾರಾ?" ಎಂದಳು ಹೆಂಡತಿ, ಒಡೆದ ಹಾಲನ್ನು ಚೆಲ್ಲುತ್ತಾ.

"ಇನ್ನೆರಡೇ ದಿನ."

ತಾಳಿದವನು ಬಾಳಿಯಾನು ಎಂದು ಗಾದೆ ಕಟ್ಟಿದವರು ಇಂಥ ಮನೆ ನೋಡಿರಲಿಕ್ಕಿಲ್ಲ.

ಶುಕ್ರವಾರ ಬೆಳಿಗ್ಗೆ ಬಿಯರ್ ತಿಳಿಯಾಗಿತ್ತು. ನಿದ್ದೆ ಹೋದ ಮಗುವನ್ನು ಎತ್ತುವಂತೆ ಡಬ್ಬವನ್ನು ಎತ್ತಿ ಮೇಜಿನ ಮೇಲಿಟ್ಟ. ಪೈಪಿನ ತುದಿಯನ್ನು ಗಸಿಗಿಂತ ಎರಡು ಬೆರಳು ಮೇಲೆ ಹಿಡಿದು, ಉಸಿರು ಬಿಗಿಹಿಡಿದು ಬಾಟಲಿಗೆ ಇಳಿಸಿದ. ತಳದ ಬಿಯರಿಗೆ ಆಸೆಪಡದೆ ಪೈಪು ತೆಗೆದ. ಬಾಟಲಿಯ ಹಿಂದೆ ಪತ್ರಿಕೆ ಹಿಡಿದರೆ ಅಕ್ಷರ ಓದಬಹುದಿತ್ತು. ಪಾಪ, ಬೀಗುತ್ತಲೇ ಹೊರಟ.

ಬಾಗಿಲು ತೆರೆದ ಅತ್ತಿಗೆಯ ಮುಖ ಬಾಟಲಿ ನೋಡುತ್ತಲೇ ಕುಂದಿತು.

"ನಿನ್ನೆ ಸಂಜೆಯಿಂದ ನೀರೂ ಇಳೀತಿಲ್ಲಪ್ಪ. ಅದಕ್ಕೆ ಮುಂಚೆ ತಂದ್ನಾ, ತಂದ್ನಾ ಅಂತ ಕೇಳ್ತಾನೇ ಇದ್ರು."

"ಒಂದು ಫೋನ್ ಮಾಡಬಾರದಿತ್ತಾ ಅತ್ತಿಗೆ?"

"ಮಾಡೋಕೆ ಹೋದೆ, ಅವರೇ ಬೇಡ ಅಂದ್ರು. ಗಸಿ ಕೂರಿಸ್ತಿರ್ತಾನೆ, ಅವಸರ ಮಾಡಿಸಿದ್ರೆ ಕೆಡುತ್ತೆ ಅಂದ್ರು."

ದರ್ಜಿ ಬಾಟಲಿ ಹಿಡಿದೇ ಒಳಗೆ ನಡೆದ. ಒಬ್ಬನಿಗಾದರೂ ಬುದ್ಧಿ ಇರಬಾರದಿತ್ತೇ?

ಅಣ್ಣನ ಕಣ್ಣು ಅರ್ಧ ತೆರೆದಿತ್ತು. ದರ್ಜಿ ಬಿಯರನ್ನು ಗ್ಲಾಸಿಗೆ ಬಗ್ಗಿಸಿ ಮುಖದ ಮುಂದೆ ಹಿಡಿದರೂ ನೋಟ ಅದರ ಮೇಲೆ ನಿಲ್ಲಲಿಲ್ಲ. ಅತ್ತಿಗೆ ಹತ್ತಿಯನ್ನು ಅದ್ದಿ ಅವನ ತುಟಿಗೆ ಒತ್ತಿದಳು. ನಾಲಿಗೆ ಅಲುಗಲಿಲ್ಲ. ಹನಿ ಗಲ್ಲದ ಮೇಲಿಂದ ಇಳಿದು ದಿಂಬಿನಲ್ಲಿ ಇಂಗಿತು.