ಬಕೀಟಿನಲ್ಲಿ ಹೊತ್ತ ಉಬ್ಬರ

"ಏಯ್ ಏಡಿ ಮುಂಡೇವಾ, ದೂರ ಹೋಗ್ರೇ. ಸಾಹೇಬ್ರು ಬರೋ ಹೊತ್ಗೆ ನಿಮ್ ನಾತ ಇಲ್ಲಿರಬಾರ್ದು."

ಕಾವಲಿನ ಜುಕಾ ಒಡ್ಡಿನ ಮೇಲೆ ನಿಂತು ಹೀಗೆ ಬೈಯುವಾಗ ಅವ್ವ ಬಿರುಕುಬಿಟ್ಟ ಕೆಸರಿನ ಮೇಲೆ ಬೋರಲು ಮಲಗಿ, ಹೆಗಲ ತನಕ ತೋಳನ್ನು ಏಡಿ ಬಿಲಕ್ಕೆ ಇಳಿಬಿಟ್ಟಿದ್ದಳು. ಕೈಗೆ ಬಂದದ್ದು ಖಾಲಿ ಚಿಪ್ಪು.

"ನಿಮ್ಮವ್ವ ನಿನ್ನ ಹೆತ್ತಿದ್ದೂ ಇದೇ ನಾತದಾಗೆ ಕಣ್ಲಾ," ಅಂದಳು, ತಲೆ ಎತ್ತದೆ.

ಬಾಹಿಯಾ ರಾಜ್ಯದ ಈ ಕಾಂಡ್ಲಾ ಕಾಡಿನೊಳಕ್ಕೆ, ಉಪ್ಪುನೀರಲ್ಲಿ ಬೇರುಬಿಟ್ಟ ಮರಗಳ ನಡುವೆ, ದಿನಕ್ಕೆರಡು ಸಲ ಸಮುದ್ರ ಬಂದು ಹೋಗುತ್ತಿತ್ತು. ಕೆಸರಿಗಿಳಿಯುವ ಮುಂಚೆ ಅವ್ವ ಬೇರಿನ ಬುಡದಲ್ಲಿ, ಏಡಿಗಳನ್ನು ಕಾಯುವ ಕೆಸರಜ್ಜಿಗೆಂದು ಒಂದೆಳೆ ಹೊಗೆಸೊಪ್ಪು ಇಡುತ್ತಿದ್ದಳು. ಉಬ್ಬರ ಬಂದು ಅದನ್ನು ಒಯ್ದರೆ ಅಜ್ಜಿ ಒಪ್ಪಿದಳು ಅಂತ. ಊರಿನ ಧಣಿ ದೊತೋರ್ ಎವಾಲ್ದೊ ಸಿಗಡಿ ಕೊಳಕ್ಕೆ ಒಡ್ಡು ಹಾಕಿಸಿದ ಮೇಲೆ ನೀರೂ ಬರಲಿಲ್ಲ, ಏಡಿಯೂ ಉಳಿಯಲಿಲ್ಲ. ಹೊಗೆಸೊಪ್ಪು ಮಾತ್ರ ಬುಡದಲ್ಲಿ ಗುಡ್ಡೆ ಬಿದ್ದಿತು.

ರಾಜ್ಯದ ಕಚೇರಿಗೆ ಹೋದೆವು. "ಉಬ್ಬರ ಮುಟ್ಟೋ ನೆಲ ಕೇಂದ್ರದ್ದು. ನಮ್ ಕೈಲಿಲ್ಲ," ಅಂದರು. ಕೇಂದ್ರದ ಕಚೇರಿಗೆ ಹೋದೆವು. "ಸಿಗಡಿಗೆ ಅಪ್ಪಣೆ ಕೊಟ್ಟಿದ್ದು ರಾಜ್ಯ. ಅವರನ್ನೇ ಕೇಳಿ," ಅಂದರು. ಅವ್ವ ಅಲ್ಲೇ ಬಾಗಿಲಿಗೆ ಅಡ್ಡ ಕೂತಳು. ಅವಳನ್ನು ಎಬ್ಬಿಸಲಿಕ್ಕಾದರೂ ಒಬ್ಬ ಸಾಹೇಬ ಬಂದು ನೋಡುತ್ತೇನೆಂದ. ಇದು ಕೇಂದ್ರದ ನೆಲ ಅಂತ ಅವನ ಬಾಯಲ್ಲಿ ಬಂದರೆ ಒಡ್ಡು ಒಡೆಯಬೇಕು. ಒಡ್ಡು ಒಡೆದರೆ ನಮ್ಮ ಒಲೆ ಹತ್ತುತ್ತದೆ.

ಸಾಹೇಬನ ಜೀಪು ಮೊದಲು ನಿಂತದ್ದು ದೊತೋರನ ಜಗಲಿಯ ಮುಂದೆ. ಹುರಿದ ಸಿಗಡಿಯ ವಾಸನೆ ನಮ್ಮ ತನಕ ಬಂತು. ನಾವು ಬರೀ ಮರಗೆಣಸಿನ ಹಿಟ್ಟು ಮುಕ್ಕಿ ಬಿಸಿಲಲ್ಲಿ ಕಾದೆವು. ಕೊನೆಗೆ ಇಬ್ಬರೂ ಒಡ್ಡಿನ ಮೇಲೆ ಬಂದರು. ಸಾಹೇಬನ ಮೂಗಿನ ಮೇಲೆ ಕರವಸ್ತ್ರ.

"ಸಾಮೀ, ಇದು ಸಮುದ್ರದ ನೆಲ," ಅಂದಳು ಅವ್ವ.

"ಸಮುದ್ರ ಎಲ್ಲಿದೆಯಮ್ಮಾ? ಉಬ್ಬರ ಬಂದ್ರೆ ತಾನೇ ಕೇಂದ್ರದ್ದು. ಇದು ಒಣಗಿದೆ. ಒಣನೆಲ ರಾಜ್ಯದ್ದು."

"ಒಣಗಿಸಿರೋದೇ ಈ ಒಡ್ಡು."

"ಒಡ್ಡಿನ ವಿಚಾರಾನೂ ರಾಜ್ಯದ್ದೇ."

"ಹಂಗಾರೆ ನಿಮ್ದೇನ್ರೀ, ಆ ಜೀಪೊಂದೇನಾ?" ಅಂದೆ ನಾನು.

ಜುಕಾ ಬಂದೂಕಿನ ಹಿಡಿಯಿಂದ ನನ್ನ ಹೊಟ್ಟೆಗೆ ತಿವಿದ. ನಾನು ಕುಸಿದೆ. ದೊತೋರ್ ನಕ್ಕ. "ಬಿಡಿ ಸಾಹೇಬ್ರೇ, ಸ್ಕೂಲು ಬಿಟ್ಟ ಬೋಳಿಮಗ. ಈ ಒಡ್ಡಿಗೆ ಮಣ್ಣು ಹೊತ್ತೋನೂ ಇವನೇಯಾ, ಕೂಲಿ ಈಸ್ಕೊಂಡು."

ಅದು ನಿಜ. ಕೇರಿಯ ಗಂಡಸರೆಲ್ಲ ಹೊತ್ತಿದ್ದೆವು.

ಅವ್ವ ನನ್ನ ಕಡೆ ನೋಡಲಿಲ್ಲ. "ಉಬ್ಬರ ಬಂದ್ರೆ ನಿಮ್ದು. ಅಲ್ವಾ ಸಾಮೀ?" ಅಂದವಳೇ ಏಡಿಯ ಬಕೀಟು ಎತ್ತಿಕೊಂಡು ಒಡ್ಡು ಹತ್ತಿದಳು. ಆಚೆ ಸಮುದ್ರದ ಕಡೆ ಇಳಿದು ಉಪ್ಪುನೀರು ತುಂಬಿ ತಂದು ಕೆಸರಿಗೆ ಸುರಿದಳು. ಮತ್ತೆ ಹತ್ತಿದಳು. ಪಕ್ಕದ ಮನೆಯ ಜೆಫಾ ಚಿಕ್ಕಿ ಪಾತ್ರೆ ಹಿಡಿದು ಹಿಂದೆ ಹೋದಳು. ಆಮೇಲೆ ಉಳಿದ ಹೆಂಗಸರೂ.

"ಇದೇನಮ್ಮಾ ಹುಚ್ಚಾಟ?" ಅಂದ ಸಾಹೇಬ.

"ಉಬ್ಬರ ಬತ್ತಾ ಐತೆ, ನೋಡ್ರಿ," ಅಂದಳು ಜೆಫಾ ಚಿಕ್ಕಿ. "ಬೂಟು ನೆನೀತದೆ, ಸರೀರಿ."

"ಇದು ಲೆಕ್ಕಕ್ಕೆ ಬರಲ್ಲ ಕಣಮ್ಮಾ," ಎಂದು ಸಾಹೇಬ ತಿರುಗಿದ. ಜೀಪು ಹೊರಟ ಸದ್ದಾಯಿತು. ನೀರು ಹೊರುವುದನ್ನು ಯಾರೂ ನಿಲ್ಲಿಸಲಿಲ್ಲ. ನಾನೂ ಹೊಟ್ಟೆ ಹಿಡಿದುಕೊಂಡೇ ಒಂದು ಡಬ್ಬ ಹುಡುಕಿಕೊಂಡೆ. ಜುಕಾ ಬಂದೂಕು ಹಿಡಿದು ನೋಡುತ್ತ ನಿಂತ.

ಅವ್ವ ಈ ಸಲದ ಬಕೀಟನ್ನು ಬೇರಿನ ಬುಡಕ್ಕೆ ಸುರಿದಳು. ಒಣಗಿದ ಹೊಗೆಸೊಪ್ಪಿನ ಎಳೆಗಳು ತೇಲಿ, ಒಂದು ಗೇಣು ಸರಿದವು. ಅಷ್ಟರಲ್ಲಿ ಕೆಸರು ನೀರನ್ನೆಲ್ಲ ಹೀರಿತು. ಎಳೆಗಳು ಅಲ್ಲೇ ಅಂಟಿಕೊಂಡವು.

ಅವ್ವ ಬಕೀಟು ಹಿಡಿದು ಮತ್ತೆ ಒಡ್ಡು ಹತ್ತಿದಳು.